ಕಿವಿಗೂ ಹೊಳವು ಬೇಕು

ಗಾಜನೂರು,
ಆಷಾಢದ ಒಂದು ಸಂಜೆ

ಪ್ರೀತಿಯ ಪುಟ್ಟಿಗೆ ಅಜ್ಜಿಯ ಆಶೀರ್ವಾದ.

ಮಳೆ ಹಿಡಿದು ಇವತ್ತಿಗೆ ಒಂಬತ್ತು ದಿನ. ಡ್ಯಾಮ್ ತುಂಬಿ ಗೇಟು ಎತ್ತಿದ್ದಾರೆ, ತುಂಗೆಯ ಮೊರೆತ ಅಡುಗೆಮನೆಯವರೆಗೂ ಕೇಳುತ್ತದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯ ಮಂಟಪ ಮುಳುಗಿತು ಅಂತ ಹಾಲಿನ ಹುಡುಗ ಸುದ್ದಿ ತಂದ. ಕರೆಂಟು ನಿನ್ನೆಯಿಂದ ಇಲ್ಲ. ಜಗುಲಿಯ ತುದಿಯಲ್ಲಿ ನಿಂತರೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ಲು. ಆ ಒಂದು ಕಡ್ಡಿಯಲ್ಲೇ ಬೆಳಿಗ್ಗೆ ನಿನ್ನ ಅಮ್ಮ ಸಿಕ್ಕಿ, ನಿನಗೆ ಮತ್ತೆ ಕಿವಿನೋವು ಅಂದಳು. ಯುಗಾದಿಯಿಂದ ಈಚೆಗೆ ಇದು ಮೂರನೇ ಸಲವಂತೆ.

ನೋವು ಬಂತು ಅನ್ನುವುದಕ್ಕಿಂತ ಅದನ್ನು ನೀನು ಮುಚ್ಚಿಟ್ಟೆ ಅನ್ನುವುದು ನನಗೆ ಹೆಚ್ಚು ನಾಟಿತು ಕಣೇ. ಐದು ದಿನ ಯಾರಿಗೂ ಹೇಳದೆ, ಕಳೆದ ಸಲ ಉಳಿದಿದ್ದ ಡ್ರಾಪ್ಸ್ ನೀನೇ ಹಾಕಿಕೊಂಡು, ಎರಡು ಹೊತ್ತೂ ನೀರಿಗೆ ಇಳಿದೆಯಂತೆ. ಕೇಳಿದರೆ, "ಮುಂದಿನ ತಿಂಗಳು ಸ್ವಿಮ್ಮಿಂಗ್ ಮೀಟ್ ಇದೆ, ಹೇಳಿದ್ರೆ ನೀರಿಗೆ ಬಿಡಲ್ಲ" ಅಂದೆಯಂತೆ. ಫೋನಿನಲ್ಲಿ ಬುದ್ಧಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು ನೀನು. ಈಗ ಒಂದು ಕಿವಿ ಮುಚ್ಚಿಕೊಂಡಿದೆಯಲ್ಲ, ಹೇಳಿದ್ದು ಒಳಗೇ ಉಳಿದೀತು ಅನ್ನುವ ಆಸೆಯಿಂದ ಕಾಗದ ಬರೆಯುತ್ತಿದ್ದೇನೆ.

ನಿನಗೆ ನಾನು ಕಡುಬು ಮಾಡುವ ಅಜ್ಜಿ ಮಾತ್ರ. ಆದರೆ ಅದಕ್ಕೂ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಆಗಿದ್ದವಳು. ಅದರಲ್ಲಿ ಹನ್ನೊಂದು ವರ್ಷ ಕಿವಿ, ಮೂಗು, ಗಂಟಲಿನ ಓಪಿಡಿಯಲ್ಲೇ ಕಳೆದೆ. ಮಳೆಗಾಲ ಬಂತೆಂದರೆ ಬೆಂಚಿನ ತುಂಬ ಕಿವಿ ಹಿಡಿದುಕೊಂಡು ಕೂತ ಮಕ್ಕಳು. ಡಾಕ್ಟರು ನೋಡುವ ಮೊದಲೇ ನಾನು ಕಿವಿಯ ಹಾಲೆಯನ್ನು ಮೆಲ್ಲಗೆ ಹಿಡಿದು ಎಳೆಯುತ್ತಿದ್ದೆ. ಆಮೇಲೆ ಕಿವಿಯ ಬಾಯಿಗೆ ಅಡ್ಡವಾಗಿ ಕೆನ್ನೆಯ ಕಡೆಯಿಂದ ಚಾಚಿಕೊಂಡಿರುತ್ತದಲ್ಲ, ಒಂದು ಪುಟ್ಟ ಗುಬುಟು, ಅದನ್ನು ಒತ್ತುತ್ತಿದ್ದೆ. ಮಗು ಚೀರಿದರೆ ಹೊರಗಿವಿಯ ನಾಳದ ಸೋಂಕೇ ಇರಬೇಕು. ಎಳೆದರೂ ಒತ್ತಿದರೂ ಸುಮ್ಮನಿದ್ದು, ನೆಗಡಿ, ಜ್ವರ, ಒಳಗೆಲ್ಲೋ ಸಿಡಿತ ಅಂದರೆ ಅದು ಕಿವಿತಮಟೆಯ ಆಚೆ, ನಡುಗಿವಿಯದು. ಮೂಗಿನಿಂದ ನಡುಗಿವಿಗೆ ಒಂದು ಸಣ್ಣ ಕೊಳವೆ ಇದೆ, ನೆಗಡಿಯಾದಾಗ ಅದು ಕಟ್ಟಿಕೊಂಡು ಹಿಂದೆ ಕೀವು ತುಂಬುತ್ತದೆ. ಎರಡಕ್ಕೂ ನಾವು ಕಿವಿನೋವು ಅಂತಲೇ ಅನ್ನುತ್ತೇವೆ, ಆದರೆ ಔಷಧಿ ಬೇರೆ ಬೇರೆ. ಉಳಿದ ಡ್ರಾಪ್ಸ್ ಹಾಕಿಕೊಳ್ಳಬಾರದು ಅನ್ನುವುದಕ್ಕೆ ಮೊದಲ ಕಾರಣ ಇದು. ಕಳೆದ ಸಲದ ನೋವೂ ಈ ಸಲದ ನೋವೂ ಒಂದೇ ಅಂತ ನಿನಗೆ ಹೇಳಿದವರು ಯಾರು?

ಅಮ್ಮ ಹೇಳಿದ್ದು ಕೇಳಿದರೆ ನಿನ್ನದು ಹೊರಗಿವಿಯದೇ. ಈಜುಗಾರರ ಕಿವಿ ಅಂತ ಇದಕ್ಕೆ ಲೋಕವೆಲ್ಲ ಕೊಟ್ಟ ಹೆಸರು. ಸೆಕೆ, ತೇವ ಇರುವ ನಾಡಿಗೆ ಹೋದ ಸಿಪಾಯಿಗಳನ್ನೂ ಕಾಡಿ, ಸಿಂಗಪುರದ ಕಿವಿ, ಹಾಂಗ್‌ಕಾಂಗ್ ಕಿವಿ ಅಂತಲೂ ಒಂದು ಕಾಲಕ್ಕೆ ಕರೆಸಿಕೊಂಡಿತ್ತು. ಗಾಜನೂರಿನ ಕಿವಿ ಅಂತ ಕರೆದಿದ್ದರೂ ತಪ್ಪಿರಲಿಲ್ಲ ಬಿಡು. ಆಗ ನಿನ್ನ ಗೆಳತಿಯರು "ರಾಜ್‌ಕುಮಾರ್ ಗಾಜನೂರಾ?" ಅಂತ ಕೇಳುವುದಾದರೂ ತಪ್ಪುತ್ತಿತ್ತು!

ಈಗ ಜಗುಲಿಯಿಂದ ನಮ್ಮ ತೋಟ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಅಡಿಕೆ ಕೊನೆಗಳು ನೆಂದು ತೊಟ್ಟಿಕ್ಕುತ್ತಿವೆ. ಕೊಳೆರೋಗ ಬರುವುದು ಬರೀ ಮಳೆಯಿಂದಲ್ಲ, ಬಿಡದ ಮಳೆಯಿಂದ. ಒಂದು ಹೊತ್ತು ಹೊಳವಾಗಿ, ಗಾಳಿಯಾಡಿ, ಕೊನೆ ಒಣಗಿದರೆ ಅದು ತಡೆದುಕೊಳ್ಳುತ್ತದೆ. ದಿನಗಟ್ಟಲೆ ನೆಂದರೆ ಕಾಯಿಯ ಮೇಲೆ ಮೊದಲು ನೀರು ಕುಡಿದಂಥ ಕಲೆ, ಆಮೇಲೆ ಬಿಳಿ ಬೂಸ್ಟು, ಒಂದು ಬೆಳಿಗ್ಗೆ ನೋಡಿದರೆ ಮರದ ಬುಡದಲ್ಲಿ ಉದುರಿದ ರಾಶಿ. ಅದಕ್ಕೇ ಅಲ್ಲವೇ ಮಳೆ ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮದ್ದು ಹೊಡೆಯುವುದು, ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು? ಉದುರಲು ಶುರುವಾದ ಮೇಲೆ ಮದ್ದು ಹೊಡೆದರೆ ಮದ್ದಿಗೂ ನಷ್ಟ, ಅಡಿಕೆಗೂ ನಷ್ಟ.

ನಿನ್ನ ಕಿವಿಯೂ ಹಾಗೇ. ಹೊರಗಿನಿಂದ ತಮಟೆಯವರೆಗೆ ಇರುವ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ನೇರವಾಗಿಲ್ಲ, ನಮ್ಮ ತೀರ್ಥಹಳ್ಳಿ ರಸ್ತೆಯ ಹಾಗೆ ಒಂದು ತಿರುವು ಇದೆ. ಒಳಭಾಗದಲ್ಲಿ ಚರ್ಮ ಬಹಳ ತೆಳು, ಅದರ ಕೆಳಗೆ ನೇರ ಮೂಳೆ. ಅಲ್ಲಿ ಬಾತುಕೊಳ್ಳಲು ಜಾಗವೇ ಇಲ್ಲ, ಅದಕ್ಕೇ ಆ ಪಾಟಿ ನೋವು. ಈ ಚರ್ಮಕ್ಕೆ ದೇವರು ಬಳಿದ ಬೋರ್ಡೋ ಯಾವುದು ಗೊತ್ತಾ? ನೀನು ಛೀ ಅನ್ನುವ ಗುಗ್ಗೆ! ಅದು ಜಿಡ್ಡು, ನೀರು ಹಿಡಿಸಿಕೊಳ್ಳುವುದಿಲ್ಲ. ತುಸು ಹುಳಿ ಗುಣದ್ದು, ಕ್ರಿಮಿಗೆ ಆಗಿಬರುವುದಿಲ್ಲ. ದಿನಕ್ಕೆ ಎರಡು ಹೊತ್ತು, ಗಂಟೆಗಟ್ಟಲೆ ನೀರಿನಲ್ಲಿದ್ದರೆ ಈ ಜಿಡ್ಡು ತೊಳೆದುಹೋಗುತ್ತದೆ, ಚರ್ಮ ನೆನೆದು ಮೆತ್ತಗಾಗುತ್ತದೆ. ಆಗ ಒಂದು ಸಣ್ಣ ಗೀರು ಸಾಕು. ಸೂಡೋಮೊನಾಸ್, ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾಗಳು ಒಳಗೆ ಹೊಗುತ್ತವೆ.

ಆ ಗೀರು ಎಲ್ಲಿಂದ ಬರುತ್ತದೆ? ನಿನ್ನ ಈಜುಬ್ಯಾಗಿನ ಪಕ್ಕದ ಜಿಪ್ಪಿನಲ್ಲಿರುವ ಬಡ್ಸ್‌ನಿಂದ. ಹೋದ ಬೇಸಿಗೆ ರಜೆಯಲ್ಲಿ ನೀನು ಬಂದಾಗ ನೋಡಿದ್ದೇನೆ. ಸ್ನಾನ ಆದದ್ದೇ ಕನ್ನಡಿ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿ, ಕಡ್ಡಿಯನ್ನು ಗರಗರ ತಿರುಗಿಸುತ್ತಿದ್ದೆ. ಆ ಸುಖ ನನಗೂ ಗೊತ್ತು ಮಾರಾಯ್ತಿ, ನಮ್ಮ ಕಾಲದಲ್ಲಿ ಕೋಳಿ ಪುಕ್ಕ ಇತ್ತು, ಬೆಂಕಿಕಡ್ಡಿ ಇತ್ತು, ಹೇರ್‌ಪಿನ್ನು ಇತ್ತು. ಓಪಿಡಿಯಲ್ಲಿ ಇವೆಲ್ಲದರ ತುಂಡುಗಳನ್ನೂ ಕಿವಿಯಿಂದ ತೆಗೆಯುವಾಗ ಟ್ರೇ ಹಿಡಿದು ನಿಂತಿದ್ದೇನೆ. ಕಡ್ಡಿ ಗುಗ್ಗೆಯನ್ನು ತೆಗೆಯುವುದಕ್ಕಿಂತ ಒಳಕ್ಕೆ ದೂಡುವುದೇ ಹೆಚ್ಚು. ದೂಡಿದ ಗುಗ್ಗೆಯ ಹಿಂದೆ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಕೊಳೆ ಶುರುವಾಗುತ್ತದೆ. ಒದ್ದೆ ಕಿವಿಗೆ ಇಯರ್‌ಫೋನ್ ತುರುಕಿ ಬಸ್ಸಿನಲ್ಲಿ ಹಾಡು ಕೇಳುತ್ತಾ ಮನೆಗೆ ಹೋಗುತ್ತೀಯಲ್ಲ, ಅದೂ ಅಷ್ಟೇ. ನೆಂದ ಅಡಿಕೆಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಹಾಗೆ.

ಇನ್ನು ಮೂರು ಮೂರು ಸಲ ಬರುವುದು ಯಾಕೆ? ಒಂದು, ನೋವು ಹೋದ ದಿನವೇ ನೀನು ಔಷಧಿ ನಿಲ್ಲಿಸುತ್ತೀ. ಏಳು ದಿನ ಅಂದರೆ ಏಳು ದಿನ ಹಾಕಬೇಕು. ಎರಡು, ಆಂಟಿಬಯೋಟಿಕ್ ಡ್ರಾಪ್ಸ್ ಮತ್ತೆ ಮತ್ತೆ ಬಿದ್ದ ಕಿವಿಯಲ್ಲಿ ಬೂಸ್ಟು ಬೆಳೆಯಬಹುದು. ಆಗ ನೋವಿಗಿಂತ ತುರಿಕೆ ಜಾಸ್ತಿ. ಡಾಕ್ಟರು ಬೆಳಕು ಬಿಟ್ಟು ನೋಡಿದರೆ ಒಳಗೆ ಒದ್ದೆ ಪೇಪರಿನ ಮುದ್ದೆಯ ಹಾಗೆ ಕಾಣುತ್ತದೆ, ಅದರ ಮೇಲೆ ಕರಿ ಚುಕ್ಕಿ. ಅದಕ್ಕೆ ಕಿವಿಯನ್ನು ಶುಚಿ ಮಾಡಿಸಿ ಬೂಸ್ಟಿನ ಔಷಧಿಯನ್ನೇ ಹಾಕಬೇಕು, ಅದೂ ವಾರಗಟ್ಟಲೆ. ನೀನು ಹಾಕಿಕೊಂಡ ಹಳೇ ಡ್ರಾಪ್ಸ್ ಅದಕ್ಕೆ ಗೊಬ್ಬರ ಇದ್ದ ಹಾಗೆ. ಮೂರು, ಕೆಲವರ ಕಿವಿಯ ಚರ್ಮವೇ ಕಜ್ಜಿ, ಹೊಟ್ಟಿನದು, ಅಥವಾ ನಾಳ ಕಿರಿದು. ನಿನ್ನದು ಈ ಮೂರರಲ್ಲಿ ಯಾವುದು ಅಂತ ಹೇಳಬೇಕಾದವರು ಮೈಕ್ರೋಸ್ಕೋಪಿನಲ್ಲಿ ಕಿವಿ ನೋಡುವ ಡಾಕ್ಟರು. ಯೂಟ್ಯೂಬೂ ಅಲ್ಲ, ನಾನೂ ಅಲ್ಲ.

ನಾನೂ ಅಲ್ಲ ಅಂದೆನಲ್ಲ, ಅದಕ್ಕೊಂದು ಕತೆ ಇದೆ. ನಿನ್ನ ಅಪ್ಪ ಫೋನನ್ನು ಯಾವತ್ತೂ ಬಲಗಿವಿಗೇ ಇಡುತ್ತಾನೆ, ಗಮನಿಸಿದ್ದೀಯಾ? ಊಟಕ್ಕೆ ಕೂತಾಗ ಎಡಗಡೆ ಗೋಡೆ ಬರುವ ಹಾಗೆ ಜಾಗ ಹಿಡಿಯುತ್ತಾನೆ. ನೀನು ಎಡಗಡೆಯಿಂದ ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾನೆ. ನೀನು ಅದನ್ನು ಅಪ್ಪನ ಗತ್ತು ಅಂದುಕೊಂಡಿದ್ದೀಯೇನೋ. ಗತ್ತಲ್ಲ ಕಣೇ, ನನ್ನ ಕೈಕೆಲಸ.

ಅವನಿಗಾಗ ಹನ್ನೊಂದು ವರ್ಷ. ನಿನ್ನ ಹಾಗೇ ನೀರಿನ ಹುಚ್ಚು. ಸ್ಕೂಲು ಬಿಟ್ಟದ್ದೇ ಹೊಳೆಗೆ ಓಟ. ಒಂದು ಮಳೆಗಾಲ ನೆಗಡಿ ಹಿಡಿದು, ಎಡಗಿವಿ ನೋವು ಅಂತ ರಾತ್ರಿಯೆಲ್ಲ ಅತ್ತನಂತೆ. ನಾನು ನೈಟ್ ಡ್ಯೂಟಿಯಲ್ಲಿದ್ದೆ. ಬೆಳಿಗ್ಗೆ ಮನೆಗೆ ಬಂದಾಗ ದಿಂಬಿನ ಮೇಲೆ ಹಳದಿ ಕಲೆ, ಮಗ ನಿದ್ದೆ ಹೋಗಿದ್ದ. ನೋವು ಇಳಿದಿದೆ ಅಂತ ನನಗೆ ಸಮಾಧಾನ. ಸಂಜೆ ಮತ್ತೆ ಕಿವಿ ಹಿಡಿದುಕೊಂಡಾಗ, ನನ್ನ ಅಮ್ಮ ನನಗೆ ಮಾಡುತ್ತಿದ್ದ ಹಾಗೇ, ತೆಂಗಿನೆಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಉಗುರು ಬೆಚ್ಚಗೆ ಮಾಡಿ ನಾಲ್ಕು ಹನಿ ಬಿಟ್ಟೆ. ಓಪಿಡಿಯಲ್ಲಿ ನೂರು ತಾಯಂದಿರಿಗೆ "ಕಿವಿಗೆ ಎಣ್ಣೆ ಹಾಕಬೇಡಿ" ಅಂತ ಬೈದವಳು ನಾನೇ! ದಿಂಬಿನ ಕಲೆ ಕೀವಿನದು, ತಮಟೆ ಒಡೆದು ತೂತಾಗಿದೆ, ಅದಕ್ಕೇ ಥಟ್ಟನೆ ನೋವು ಇಳಿದಿದೆ ಅಂತ ನನಗೆ ಹೊಳೆಯಬೇಕಿತ್ತು. ದಣಿವಿಗೆ ಹೊಳೆಯಲಿಲ್ಲವೋ, ಮನೆಯ ಹೊಸ್ತಿಲು ದಾಟಿದ ಮೇಲೆ ನರ್ಸು ಹೋಗಿ ಅಮ್ಮ ಮಾತ್ರ ಉಳಿದಳೋ, ಗೊತ್ತಿಲ್ಲ. ಎಣ್ಣೆ ತೂತಿನಿಂದ ನೇರ ಒಳಗೆ ಹೋಯಿತು. ಆಮೇಲೂ ಅವನು ಹೊಳೆಗೆ ಹೋದ, ನಾನು ತಡೆಯಲಿಲ್ಲ. ಎಂಟು ವರ್ಷ ಆ ಕಿವಿ ಬಿಟ್ಟುಬಿಟ್ಟು ಸೋರಿತು. ಕೊನೆಗೆ ಆಪರೇಷನ್ ಮಾಡಿ ತಮಟೆಗೆ ತೇಪೆ ಹಾಕಿದರು. ಸೋರುವುದು ನಿಂತಿತು, ಹೋದ ಕೇಳ್ಮೆ ಪೂರ್ತಿ ಬರಲಿಲ್ಲ. ಅವನು ಇವತ್ತಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅದೇ ನನಗೆ ಹೆಚ್ಚು ಕೇಳಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಕಿವಿಯಲ್ಲಿ ಏನೇ ಆದರೂ ಮೊದಲು ತಮಟೆ ಗಟ್ಟಿಯಿದೆಯಾ ಅಂತ ಡಾಕ್ಟರು ನೋಡಲಿ. ತೂತಿದ್ದರೆ ಹಾಕಬಾರದ ಡ್ರಾಪ್ಸ್ ಇವೆ. ಜೆಂಟಾಮೈಸಿನ್, ನಿಯೋಮೈಸಿನ್ ಜಾತಿಯವು ಒಳಗಿವಿಗೆ ಇಳಿದು ಕೇಳ್ಮೆಯನ್ನೇ ಕೆಡಿಸಬಹುದು. ಅಕ್ಕಪಕ್ಕದವರು ಕೊಟ್ಟ ಬಾಟಲಿಯಲ್ಲಿ ಯಾವುದಿದೆ ಅಂತ ಯಾರು ನೋಡುತ್ತಾರೆ?

ಈಗ ಡಾಕ್ಟರು ನಿನಗೆ ಕೊಟ್ಟಿರುವ ಹೊಸ ಡ್ರಾಪ್ಸ್ ಹೇಗೆ ಹಾಕುವುದು ಅಂತ ಕೇಳು, ಹತ್ತರಲ್ಲಿ ಒಂಬತ್ತು ಮನೆಯಲ್ಲಿ ತಪ್ಪು ಹಾಕುತ್ತಾರೆ. ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿ. ತಣ್ಣಗಿರುವ ಹನಿ ಬಿದ್ದರೆ ತಲೆ ಗಿರ್ ಅನ್ನುತ್ತದೆ. ನೋವಿರುವ ಕಿವಿ ಮೇಲೆ ಬರುವ ಹಾಗೆ ಮಲಗು. ಅಮ್ಮ ಹಾಲೆಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆಯಲಿ, ಆಗ ಆ ತಿರುವು ನೇರವಾಗುತ್ತದೆ. ಹನಿ ಗೋಡೆಯ ಗುಂಟ ಇಳಿಯಲಿ. ಆಮೇಲೆ ಆ ಗುಬುಟನ್ನು ನಾಲ್ಕೈದು ಸಲ ಒತ್ತಿ ಬಿಡು, ಗಾಳಿ ಗುಳ್ಳೆ ಹೊರಟು ಔಷಧಿ ಕೆಳಗಿಳಿಯುತ್ತದೆ. ಐದು ನಿಮಿಷ ಹಾಗೇ ಮಲಗಿರು, ಎದ್ದು ಓಡಬೇಡ. ನಾಳ ಬಾತು ಮುಚ್ಚಿಯೇ ಹೋಗಿದ್ದರೆ ಡಾಕ್ಟರು ಒಂದು ಸಣ್ಣ ಬತ್ತಿ ಇಡುತ್ತಾರೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ಔಷಧಿಯನ್ನು ಒಳಗೆ ಒಯ್ಯುತ್ತದೆ. ಸಾಧಾರಣ ಹೊರಗಿವಿಯ ಸೋಂಕಿಗೆ ಡ್ರಾಪ್ಸೇ ಸಾಕು, ಆಂಟಿಬಯೋಟಿಕ್ ಮಾತ್ರೆ ನುಂಗಬೇಕಾಗಿಲ್ಲ. ನುಂಗು ಅಂತ ಅವರೇ ಬರೆದುಕೊಟ್ಟರೆ ಅದಕ್ಕೆ ಕಾರಣ ಇರುತ್ತದೆ.

ಮೀಟ್ ಹತ್ತಿರ ಇರುವವಳಿಗೆ ಇನ್ನೊಂದು ಮಾತು. ಕಿವಿಗೆ ಹಾಕುವ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇದ್ದರೂ ಡೋಪಿಂಗ್ ನಿಯಮಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಸ್ಟಿರಾಯ್ಡನ್ನು ಸ್ಪರ್ಧೆಯ ಹೊತ್ತಿಗೆ ಮಾತ್ರೆಯಾಗಿಯೋ ಇಂಜೆಕ್ಷನ್ನಾಗಿಯೋ ತೆಗೆದುಕೊಂಡರೆ ನಿಷಿದ್ಧ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಇರುತ್ತದೆ, ಸ್ಪರ್ಧೆಯ ದಿನ ಮೂತ್ರದಲ್ಲಿ ಅದು ಮಿತಿ ಮೀರಿದರೂ ತಪ್ಪೇ. ಮೆಡಿಕಲ್ ಶಾಪಿನಿಂದ ಏನೇ ತಂದರೂ ನಾನು ಈಜುಗಾರ್ತಿ ಅಂತ ಹೇಳಿ, ಕೋಚ್‌ಗೂ ತೋರಿಸಿ ನುಂಗು.

ನೀರಿಗೆ ಮತ್ತೆ ಯಾವಾಗ? ಅದೇ ತಾನೇ ನಿನ್ನ ಪ್ರಶ್ನೆ. ಸಾಮಾನ್ಯ ಲೆಕ್ಕ ಏಳರಿಂದ ಹತ್ತು ದಿನ. ಸ್ಪರ್ಧೆಗೆ ಈಜುವವರಿಗೆ, ನೋವು ಪೂರ್ತಿ ಹೋಗಿ ಎರಡು ಮೂರು ದಿನವಾಗಿದ್ದರೆ, ಸರಿಯಾಗಿ ಕೂರುವ ಇಯರ್‌ಪ್ಲಗ್ ಹಾಕಿ ಇಳಿಯಲು ಕೆಲವು ಡಾಕ್ಟರು ಒಪ್ಪುತ್ತಾರೆ. ಅದೂ ಅವರು ಕಿವಿ ನೋಡಿ ಹೇಳಿದರೆ ಮಾತ್ರ. ಅಲ್ಲಿಯವರೆಗೆ ನೆಲದ ಮೇಲಿನ ಕಸರತ್ತು ಮಾಡು, ಭುಜ, ಸೊಂಟ, ಕಾಲು ಗಟ್ಟಿಮಾಡು, ನಿನ್ನ ಟರ್ನಿನ ವಿಡಿಯೋ ನೋಡು. ಕೋಚ್‌ಗೆ ಮೊದಲ ದಿನವೇ ಹೇಳಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಐದು ದಿನ ಉಳಿಸಲು ಹೋಗಿ ಹದಿನೈದು ದಿನ ಕಳೆದುಕೊಂಡೆ, ಲೆಕ್ಕದಲ್ಲಿ ಜಾಣೆ ನೀನು!

ವಾಸಿಯಾದ ಮೇಲೆ ಕೊಟ್ಟೆ ಕಟ್ಟುವ ಕೆಲಸ. ಕ್ಯಾಪನ್ನು ಕಿವಿ ಮುಚ್ಚುವಂತೆ ಹಾಕು. ಮೆತ್ತಗಿನ ಸಿಲಿಕಾನ್ ಪ್ಲಗ್ ಒಳ್ಳೆಯದು, ಆದರೆ ಒತ್ತಿ ತುರುಕಿದರೆ ಅದೇ ಗೀರುತ್ತದೆ. ದಿನಾ ತೊಳೆದು ಒಣಗಿಸಬೇಕು, ಗೆಳತಿಯ ಜೊತೆ ಹಂಚಿಕೊಳ್ಳಬಾರದು. ಆಳಕ್ಕೆ ಧುಮುಕುವಾಗ ಪ್ಲಗ್ ಬೇಡ, ಒತ್ತಡಕ್ಕೆ ಕಿವಿ ಕೆಡುತ್ತದೆ. ನೀರಿನಿಂದ ಎದ್ದ ಕೂಡಲೇ ತಲೆ ಒಂದು ಕಡೆ ವಾಲಿಸಿ ಹಾಲೆ ಎಳೆದು ಆಡಿಸು, ಆಮೇಲೆ ಇನ್ನೊಂದು ಕಡೆ. ಒಣ ಟವೆಲಿನ ತುದಿಯಿಂದ ಹೊರಗಷ್ಟೇ ಒರೆಸು. ನಿನ್ನ ಆ ಉದ್ದ ಕೂದಲಿದೆಯಲ್ಲ, ಅದನ್ನು ಮೊದಲು ಮೇಲೆತ್ತಿ ಕಟ್ಟು, ಕಿವಿ ಒಣಗಿಸಿದ ಮೇಲೂ ಅರ್ಧ ಗಂಟೆ ಅದು ಕಿವಿಯೊಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಹೇರ್ ಡ್ರೈಯರನ್ನು ಕಡಿಮೆ ಬಿಸಿಗಿಟ್ಟು, ಒಂದು ಅಡಿ ದೂರದಿಂದ ಅರೆ ನಿಮಿಷ ಗಾಳಿ ತೋರಿಸು. ವಿನೆಗರ್ ಮತ್ತು ಸ್ಪಿರಿಟ್ ಸಮಸಮ ಬೆರೆಸಿದ ಹನಿ ಹಾಕುವ ಈಜುಗಾರರಿದ್ದಾರೆ. ತೊಳೆದುಹೋದ ಹುಳಿ ಗುಣ ಮರಳಲಿ, ನೀರು ಆರಲಿ ಅಂತ. ಆದರೆ ತಮಟೆ ಗಟ್ಟಿಯಿದೆ, ಗಾಯವಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಮಾತ್ರ, ಇಲ್ಲವಾದರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ.

ಕೊಳದ ನೀರೂ ನೋಡಿಕೊ. ಪಿಹೆಚ್ 7.2ರಿಂದ 7.8, ಕ್ಲೋರಿನ್ ಕನಿಷ್ಠ 1 ಪಿಪಿಎಂ ಇರಬೇಕು. ಬೋರ್ಡಿನ ಮೇಲೆ ಬರೆದಿದ್ದರೆ ಓದು, ಇಲ್ಲದಿದ್ದರೆ ಕೋಚನ್ನು ಕೇಳು. ಮೂಗಿಗೆ ಹೊಡೆಯುವ ವಾಸನೆ ಬಂದರೆ ನೀರು ಶುಚಿಯಾಗಿದೆ ಅಂತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ವಾಸನೆ ಅದು. ಇಳಿಯುವ ಮೊದಲು ಮೈ ತೊಳೆದುಕೊಳ್ಳಿ ಅಂತ ಹೇಳುವುದು ಅದಕ್ಕೇ.

ಹೊಳೆ ಏರಿತೋ ಇಲ್ಲವೋ ಅಂತ ಶಿವಮೊಗ್ಗದವರು ಮಂಟಪ ನೋಡುತ್ತಾರೆ. ಕಿವಿಗೂ ಅಂಥ ಗುರುತುಗಳಿವೆ: ಜ್ವರ, ಕಿವಿಯ ಹಿಂದೆ ಬಾವು, ತಲೆ ಸುತ್ತು, ಥಟ್ಟನೆ ಕೇಳದಿರುವುದು, ಮುಖ ಒಂದು ಕಡೆ ವಾಲುವುದು, ಎರಡು ಮೂರು ದಿನ ಔಷಧಿ ಹಾಕಿದರೂ ಇಳಿಯದ ನೋವು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ. ರಜೆಯಲ್ಲಿ ಇಲ್ಲಿರುವಾಗ ಆದರೆ ಮೆಗ್ಗಾನ್ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ನಿನ್ನ ಕೋಣೆಯ ಗೋಡೆಗೆ ಧಿನಿಧಿ ದೇಸಿಂಗು ಫೋಟೋ ಅಂಟಿಸಿದ್ದೀಯಂತೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದಾಗ ಆ ಹುಡುಗಿಗೆ 14 ವರ್ಷ, ಈಗಿನ ನಿನಗಿಂತ ಒಂದು ವರ್ಷ ದೊಡ್ಡವಳು. 2000ದಲ್ಲಿ ಸಿಡ್ನಿಯಲ್ಲಿ ಅದೇ 200 ಮೀಟರ್ ಈಜಿದ ನಿಶಾ ಮಿಲೆಟ್ ಕೂಡ ನಮ್ಮ ಬೆಂಗಳೂರಿನಲ್ಲೇ ಬೆಳಗಿನ ಜಾವ ನೀರಿಗಿಳಿದವಳು. ಈ ಎರಡು ಹೆಸರಿನ ನಡುವೆ 24 ವರ್ಷ ಇದೆ. ಅಷ್ಟು ಉದ್ದದ ಲೆಕ್ಕದಲ್ಲಿ ನಿನ್ನ ಹತ್ತು ದಿನ ಎಷ್ಟು, ನೀನೇ ಹೇಳು.

ಮಳೆ ಸ್ವಲ್ಪ ಹೊಳವಾದ ಹಾಗಿದೆ. ಇಷ್ಟು ಹೊತ್ತಿಗೆ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ಕಾಡಿಗೆ ಬಿಟ್ಟಿರುತ್ತಾರೆ. ನೀನು ಚಿಕ್ಕವಳಿದ್ದಾಗ ಅಲ್ಲಿ ಹಿನ್ನೀರಿನಿಂದ ಮಿಂದು ಎದ್ದ ಮರಿಯಾನೆ ಪಟಪಟ ಕಿವಿ ಬಡಿದು ನಿನ್ನ ಫ್ರಾಕನ್ನೆಲ್ಲ ನೆನೆಸಿತ್ತು, ನೆನಪಿದೆಯಾ? ನೀನು ಅತ್ತೆ, ಮಾವುತ ನಕ್ಕ. ನಮಗೆ ಅಷ್ಟು ದೊಡ್ಡ ಕಿವಿ ಕೊಡಲಿಲ್ಲ ದೇವರು, ಟವೆಲ್ ಕೊಟ್ಟ.

ದಸರಾ ರಜೆಗೆ ಬಾ. ಆದರೆ ಡ್ಯಾಮಿನ ಹಿನ್ನೀರಿಗೆ ಇಳಿಯುವ ಮಾತು ಬೇಡ. ಅದು ಕಿವಿಯ ಪ್ರಶ್ನೆಯಲ್ಲ, ಜೀವದ್ದು. ಈಜು ಬಲ್ಲವರನ್ನೂ ಅದು ಬಿಟ್ಟಿಲ್ಲ.

ಇಂತಿ ನಿನ್ನ ಪ್ರೀತಿಯ,
ಅಜ್ಜಿ

ತಾ.ಕ.: ಈ ಕಾಗದ ಓದಿ ಮುಗಿದ ಮೇಲೆ ಅಪ್ಪನ ಹತ್ತಿರ ಹೋಗು. ಅವನ ಬಲಗಡೆ ಕೂತು, ಕಿವಿನೋವು ಶುರುವಾದದ್ದು ಯಾವತ್ತು ಅಂತ ನಿಜ ಹೇಳು. ಎಡಗಡೆ ಕೂತು ಹೇಳಿದರೆ ಲೆಕ್ಕಕ್ಕಿಲ್ಲ.